ಜೋಡಿಗೊಂದು ವೋಟು

ಟೈಲರಮ್ಮ ಯಾವುದೋ ಕೊಲೆಗಡುಕರ ಗುಂಪಿನವಳೆಂದು ಇದನ್ನು ಬರೆಯುತ್ತಿರುವವನು ಒಂದು ಇಡೀ ವಾರ ನಂಬಿದ್ದುಂಟು. ಅಂಗಿಯ ಅಳತೆ ಕೊಡಲು ಹೋದಾಗ ಆಕೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕೈಯಲ್ಲಿ ಕತ್ತರಿ ಹಿಡಿದು, "ಮೊದಲು ಮೇಷ್ಟ್ರನ್ನ ಮುಗಿಸಿ, ಪೋಸ್ಟ್‌ಮ್ಯಾನ್‌ನ ಆಮೇಲೆ ನೋಡ್ಕೊಳ್ಳೋಣ" ಎನ್ನುತ್ತಿದ್ದಳು. ಅಳತೆ ಕೊಡದೆ ವಾಪಸು ಬಂದದ್ದಾಯಿತು.

ಅದು ಆಟವೆಂದು ತಿಳಿದದ್ದು ಆಮೇಲೆ. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಬೇರೆ ಬೇರೆ ಊರಿನ ಎಂಟು ಜನ ಆನ್‌ಲೈನಿನಲ್ಲಿ ಸೇರುತ್ತಾರೆ. ಅವರಲ್ಲದೆ ಆಟ ನಡೆಸಲು ದಂತವೈದ್ಯರೊಬ್ಬರಿದ್ದಾರೆ; ಅವರು ಗುಟ್ಟಾಗಿ ಇಬ್ಬರನ್ನು ಕಳ್ಳರನ್ನಾಗಿ ಮಾಡುತ್ತಾರೆ. ಎಲ್ಲರೂ ವಾದ ಮಾಡಿ, ಅನುಮಾನ ಬಂದವರನ್ನು ಸುತ್ತಿಗೊಬ್ಬರಂತೆ ವೋಟು ಹಾಕಿ ಹೊರದಬ್ಬಬೇಕು. ಗುಂಪಿನ ಅಧ್ಯಕ್ಷರು ನಿವೃತ್ತ ಹೆಡ್‌ಮೇಷ್ಟ್ರು. ಅವರನ್ನು ಆರಿಸಿದವರು ಯಾರೆಂದು ಅವರೊಬ್ಬರಿಗೇ ಗೊತ್ತು.

ಟೈಲರಮ್ಮನಿಗೆ ಆಟಕ್ಕಿಂತ ಅದರಲ್ಲಿ ಜೊತೆಗಿದ್ದ ನಾದಿನಿ ಮುಖ್ಯ. ಆಕೆ ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಕ್ಯೂ ನಿಂತ ರೋಗಿಗಳಿಗೆ ಚೀಟಿ ಬರೆದುಕೊಡುವವಳು. ಟೈಲರಮ್ಮನ ಗಂಡನೂ ಈ ತಂಗಿಯೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅತ್ತಿಗೆ ನಾದಿನಿ ಫೋನಿನಲ್ಲಿ ಮಾತಿಗಿಳಿದರೆ ಮೂರನೆಯ ಮಾತಿಗೆ ಅಣ್ಣನ ವಿಷಯ ನುಸುಳುತ್ತಿತ್ತು, ನಾಲ್ಕನೆಯದಕ್ಕೆ ಫೋನು ಕಟ್. ಇಬ್ಬರೂ ನಗುತ್ತ ಮಾತಾಡುತ್ತಿದ್ದುದು ಕಳ್ಳರನ್ನು ಹುಡುಕುವಾಗ ಮಾತ್ರ.

ಆದರೆ ನಾದಿನಿಗೆ ಸುಳ್ಳು ಬಾಯಿಗೆ ಹತ್ತುತ್ತಿರಲಿಲ್ಲ. ಕಳ್ಳಿಯಾದ ದಿನ ಯಾರೂ ಕೇಳುವ ಮೊದಲೇ "ಅಯ್ಯೋ, ನಾನಲ್ಲಪ್ಪ!" ಎನ್ನುತ್ತಿದ್ದಳು. ಕಳ್ಳಿಯಲ್ಲದ ದಿನ ಗಾಬರಿಗೆ ಅದನ್ನೇ ಅನ್ನುತ್ತಿದ್ದಳು. ಎರಡು ದಿನವೂ ಮೊದಲ ಸುತ್ತಿಗೇ ಹೊರಗೆ. ಆಮೇಲೆ ಮುಕ್ಕಾಲು ಗಂಟೆ ಮೈಕ್ ಮುಚ್ಚಿಕೊಂಡು ಗೋಡೆ ನೋಡಬೇಕು.

"ಮುಂದಿನ ವಾರ ಒಂದೇ ಅತ್ತಿಗೆ, ಆಮೇಲೆ ನಾನು ಬರಲ್ಲ," ಎಂದಳು ಒಂದು ದಿನ. "ಸುಮ್ನೆ ಕೂತ್ಕೊಳ್ಳೋಕೆ ನಮ್ಮ ಆಸ್ಪತ್ರೆ ಬೆಂಚು ಸಾಲದಾ?"

ವಾರವಿಡೀ ಟೈಲರಮ್ಮ ಕಾಜ ಹೊಲಿಯುತ್ತ ಯೋಚಿಸಿದಳು. ಒಂದು ಅಂಗಿಗೆ ಎರಡು ಎಡಗೈ ತೋಳು ಹಚ್ಚಿದ್ದೂ ಆಯಿತು. ಶನಿವಾರ ಗುಂಪಿನಲ್ಲಿ, ಆಟ ಬದಲಾಯಿಸೋಣವೇ ಎಂದು ಕೇಳಿದಳು. ಪ್ರಸ್ತಾವ ಉದ್ದೇಶಸಹಿತ ಲಿಖಿತವಾಗಿ ಬರಲಿ ಎಂದರು ಮೇಷ್ಟ್ರು. ಆಕೆ ಅಳತೆ ಚೀಟಿಯ ಹಿಂಬದಿಗೆ ಬರೆದು ಫೋಟೋ ಕಳಿಸಿದಳು: ನಾಲ್ಕು ಜೋಡಿ, ಅದರಲ್ಲಿ ಒಂದು ಕಳ್ಳರದು. ಜೋಡಿಯಲ್ಲಿ ಒಬ್ಬರು ಮಾತಾಡೋದು, ಇನ್ನೊಬ್ಬರು ಬರೀ ಕೇಳೋದು, ತಮ್ಮ ಜೊತೆಯವರಿಗೆ ಮಾತ್ರ ಬರೆದು ಹೇಳೋದು. ಜೋಡಿಗೊಂದು ವೋಟು. ಹಾಕೋದು ಕೇಳೋರು.

"ಬಾಯಿ ಮುಚ್ಚಿಸುವುದೆಂದರೆ ಇದು ಸ್ವಾತಂತ್ರ್ಯದ ಪ್ರಶ್ನೆ," ಎಂದು ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ನೀವು ಮಾತಾಡೋ ಕಡೆ ಇರಿ ಸರ್, ನಿಮ್ಮ ಮನೆಯವರು ಕೇಳೋ ಕಡೆ ಇರ್ತಾರೆ," ಎಂದ ಪೋಸ್ಟ್‌ಮ್ಯಾನ್. "ಅವರಿಗೇನು ಹೊಸದಾ?"

ಆಟದಲ್ಲೇ ಇದ್ದ ಮೇಷ್ಟ್ರ ಹೆಂಡತಿ ಎಲ್ಲರಿಗಿಂತ ಮೊದಲು ಒಪ್ಪಿಗೆ ಹಾಕಿದರು.

ಭಾನುವಾರ ಮೊದಲ ಸುತ್ತಿನಲ್ಲೇ ಮೇಷ್ಟ್ರು ಎಂಟು ನಿಮಿಷ ಭಾಷಣ ಬಿಗಿದು ಪೋಸ್ಟ್‌ಮ್ಯಾನ್ ಜೋಡಿಯೇ ಕಳ್ಳರೆಂದು ಸಾಧಿಸಿದರು. ಎಲ್ಲರೂ ಹೌದೌದೆಂದರು. ಅಷ್ಟರಲ್ಲಿ, ಟೈಲರಮ್ಮನ ಜೋಡಿಯಾಗಿ ಕೇಳುವ ಕಡೆ ಕೂತಿದ್ದ ನಾದಿನಿಯ ಬರಹ ಬಂತು. ಟೈಲರಮ್ಮ ಅದನ್ನು ಗಟ್ಟಿಯಾಗಿ ಓದಿದಳು:

"ಕಳ್ಳರು ಮೇಷ್ಟ್ರೇ. 'ನಿಜ ಹೇಳ್ಬೇಕಂದ್ರೆ' ಅಂತ ಐದು ಸಲ ಅಂದ್ರು. 'ನಿಜ ಹೇಳ್ಬೇಕಂದ್ರೆ ಎರಡೇ ನಿಮಿಷದ ಕೆಲಸ' ಅಂತ ಕ್ಯೂ ಮುರಿಯೋರು ನನಗೆ ದಿನಾ ನೂರು ಜನ ಸಿಗ್ತಾರೆ."

ವೋಟು ಬಿದ್ದದ್ದು ಮೇಷ್ಟ್ರ ಜೋಡಿಗೇ. ಕಳ್ಳರು ಅವರೇ. ದಂತವೈದ್ಯರು ಆಟ ಮುಗಿಯಿತೆಂದ ಕೂಡಲೇ ನಾದಿನಿಯ ಮೈಕ್ ತೆರೆಯಿತು. ಮೊದಲು ಬಂದದ್ದು ನಗು.

"ಅತ್ತಿಗೆ, ಇನ್ನೊಂದು ಆಟ ಹಾಕಿಸಿ. ಮುಂದಿನ ವಾರ ಎರಡೂವರೆಗೇ ಬರ್ತೀನಿ."

ಮೇಷ್ಟ್ರು ಸೋತರೂ ಅಧ್ಯಕ್ಷರೇ ತಾನೆ. "ಟೈಲರಮ್ಮನವರೇ, ಈ ಪರಿಕಲ್ಪನೆಯ ತಾತ್ವಿಕ ಹಿನ್ನೆಲೆಯನ್ನು ಸಭೆಗೆ ಎರಡು ಮಾತಿನಲ್ಲಿ ವಿವರಿಸಬಹುದೇ?" ಎಂದರು.

"ಹಿನ್ನೆಲೆ ಗಿನ್ನೆಲೆ ಏನಿಲ್ಲ ಸರ್. ಇವಳು ಬಿಟ್ಟು ಹೋಗ್ತಿದ್ಲು. ನನಗೆ ಇವಳು ಬೇಕು."