ಜ್ವರ ಬಿಟ್ಟ ದಿನ

ಅಕ್ಕನಿಗೆ ಜ್ವರ ಬರುವ ಹಿಂದಿನ ದಿನ ನನಗೆ ವಾರದ ರಜೆ ಇತ್ತು. ಮೇ ತಿಂಗಳು. ಮನೆಯಲ್ಲಿ ಅಕ್ಕ, ನಾನು, ಇಬ್ಬರೇ. ಅಕ್ಕ ಸಿದ್ದಾಪುರದ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು, ಶಾಲೆಗೂ ಬೇಸಿಗೆ ರಜೆ. ರಜೆ ಅಂತ ಕೂತು ಕಳೆಯುವ ಹೆಂಗಸಲ್ಲ ಅವಳು. ಆ ವಾರವಿಡೀ ಮಾಡಿದ ಹಾಗೆ ಅಂದೂ ಬೆಳಿಗ್ಗೆ ತಿಂಡಿ ಮುಗಿಸಿ ಊರಾಚೆಯ ಬೆಟ್ಟಕ್ಕೆ ಹೋಗಿ ಮುರುಗಲು ಹಣ್ಣು ಆರಿಸಿ ತಂದಿದ್ದಳು. ಹಿತ್ತಿಲ ಕಡೆ ಹಣ್ಣು ಸೀಳಿ ಸಿಪ್ಪೆಯನ್ನು ಮೊರದಲ್ಲಿ ಹರವುತ್ತಾ ಕೂತಿದ್ದಳು. ಕೈಯೆಲ್ಲ ಕೆಂಪು.

ನಮ್ಮ ಕಡೆ ಬೇಸಿಗೆಯಲ್ಲಿ ಬೆಟ್ಟದಿಂದ ಬಂದವರನ್ನು ಮೊದಲು ಕೇಳುವ ಮಾತು, ಉಣುಗು ಹತ್ತಿತೇ ಎಂಬುದು. ಉಣುಗು ಎಂದರೆ ಮೈಗೆ ಹತ್ತಿ ರಕ್ತ ಹೀರುವ ಸಣ್ಣ ಹುಳ, ಅದು ಕಚ್ಚಿದರೆ ಮಂಗನ ಕಾಯಿಲೆ ಬರುತ್ತದೆ. ಆ ಹೆದರಿಕೆಯಲ್ಲೇ ಬೇಸಿಗೆ ಕಳೆಯುವ ತಾಲೂಕು ನಮ್ಮದು. ಹಾಗಾಗಿ ಪ್ರತಿ ಮನೆಯಲ್ಲೂ ಒಂದು ಕ್ರಮವಿದೆ. ಹೋಗುವ ಮುಂಚೆ ಕೈಕಾಲಿಗೆ ಆಸ್ಪತ್ರೆಯವರು ಕೊಟ್ಟ ಎಣ್ಣೆ, ಬಂದ ಕೂಡಲೇ ಉಟ್ಟ ಬಟ್ಟೆ ಕುದಿಯುವ ನೀರಿಗೆ, ಆಮೇಲೆ ಬಿಸಿಲಲ್ಲಿ ನಿಂತು ಮೈ ನೋಡಿಕೊಳ್ಳುವುದು. ಕುತ್ತಿಗೆಯ ಹಿಂಭಾಗ ತನಗೆ ಕಾಣುವುದಿಲ್ಲವಲ್ಲ, ಅದನ್ನು ಅಕ್ಕ ನನ್ನಿಂದ ನೋಡಿಸುತ್ತಿದ್ದಳು.

"ಸರೀ ನೋಡಾ ತಮಾ. ಟಿಕೇಟ್ ತಗಳ್ದೇ ಹತ್ತಿದವು ಇರ್ತ," ಅಂದಳು. ನಾನು ಬಸ್ಸಿನ ಕಂಡಕ್ಟರ್. ನನ್ನ ಕೆಲಸ ಹಿಡಿದು ಛೇಡಿಸುವುದೆಂದರೆ ಅವಳಿಗೆ ಖುಷಿ.

"ಇಲ್ಲೆ ಅಕ್ಕಾ, ಎಂತದೂ ಇಲ್ಲೆ."

"ನಿಂಗೆ ಕಣ್ಣು ಕಾಣ್ತಿಲ್ಲೆ. ಬಸ್ಸಲ್ಲಿ ಹೆಂಗೆ ಚಿಲ್ಲರೆ ಎಣಿಸ್ತೆ?"

ಕಡೆಗೆ ಒಂದು ಉಣುಗು ಅವಳಿಗೇ ಸಿಕ್ಕಿತು, ಮೊಣಕಾಲ ಹಿಂದೆ. ಕಿತ್ತು ಒಲೆಯ ಕೆಂಡಕ್ಕೆ ಹಾಕಿದಳು. ಮತ್ತೆ ಬಂದು ಹಣ್ಣಿನ ಮುಂದೆ ಕೂತಾಗ ಒಂದು ಸೊಳ್ಳೆ ಅವಳ ಹಿಮ್ಮಡಿಯ ಮೇಲೆ ಇತ್ತು. ಕಾಲಿನ ಮೇಲೆ ಬಿಳಿ ಚುಕ್ಕೆಗಳಿರುವ ಸೊಳ್ಳೆ. ಹಾಡಹಗಲು. ಅವಳು ನೋಡದೆಯೇ ಕಾಲು ಕೊಡವಿದಳು, ನಾನೂ ನೋಡಿ ಸುಮ್ಮನಿದ್ದೆ. ಅಂಥವು ಎಷ್ಟೋ ದಿನದಿಂದ ಹಿತ್ತಿಲಲ್ಲಿ ಕಚ್ಚುತ್ತಲೇ ಇದ್ದವು. ಸೊಳ್ಳೆಗೆ ಯಾರು ಹೆದರುತ್ತಾರೆ? ರಾತ್ರಿ ಪರದೆ ಕಟ್ಟಿ ಮಲಗುವವರು ನಾವು.

ಓಣಿಗೆ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ಬೇಸಿಗೆಯಲ್ಲಿ ಅದೂ ಇಲ್ಲ. ಅದಕ್ಕೆ ಪ್ರತಿ ಮನೆಯ ಹಿತ್ತಿಲಲ್ಲಿ ಒಂದೆರಡು ನೀಲಿ ಡ್ರಮ್ಮು, ಮೇಲೆ ಸರಿಯಾಗಿ ಕೂರದ ಒಂದು ಹಲಗೆ. ನಮ್ಮದೂ ಹಾಗೇ ಇತ್ತು. ನೀರು ಶುದ್ಧವಾಗಿತ್ತು, ತಳ ಕಾಣುವಷ್ಟು.

ಮಾರನೆಯ ದಿನ ಜ್ವರ ಬಂತು. ಕಣ್ಣಗುಡ್ಡೆಯ ಹಿಂದೆ ನೋವು, ಸೊಂಟ ಮುರಿದ ಹಾಗೆ. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಏನಾಯಿತು ಅಂದರೆ ನಾನು ಹೇಳಿದ್ದು ಉಣುಗಿನ ಕತೆ. ಓಣಿಯಲ್ಲಿ ಕೇಳಿದವರಿಗೂ ಅದೇ ಹೇಳಿದೆ. ಪಕ್ಕದ ಮನೆಯ ಹೆಂಗಸು ಬಾಗಿಲಲ್ಲೇ ತಡೆದು ಕೇಳಿದಳು. ಬನವಾಸಿ ಕಡೆಯಿಂದ ಬಂದು ಪೇಟೆಯಲ್ಲಿ ಬಟ್ಟೆ ಅಂಗಡಿ ಹಾಕಿದವರು ಅವರು.

"ಏನಂದ್ರೀ ಅಣ್ಣಾರ ಡಾಕ್ಟರು? ಮಂಗನ ಕಾಯಿಲಿ ಏನ್ರೀ?"

"ರಕ್ತ ಕಳಿಸಿದಾರೆ. ಬರಬೇಕು."

"ಉಣುಗು ಹತ್ತಿತ್ತಂತಲ್ಲರೀ. ಯಪ್ಪಾ, ನಾ ಅಂತೂ ಆ ಬೆಟ್ಟದ ದಿಕ್ಕಿಗೆ ತಲಿ ಹಾಕಿ ಮಲಗಂಗಿಲ್ಲ."

ಒಳಗೆ ಮಲಗಿದ್ದ ಅಕ್ಕ ಅಲ್ಲಿಂದಲೇ ಕೂಗಿದಳು. "ತಲೆ ಎತ್ಲಾಗ್ ಹಾಕಿದ್ರೂ ನಿನ್ನ ಗೊರಕೆ ನಮ್ಮನೆಗೇ ಬತ್ತು!" ಜ್ವರದಲ್ಲೂ ಮಾತಿಗೆ ಬರವಿರಲಿಲ್ಲ.

ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. ಡೆಂಗ್ಯೂ ಇರಬಹುದು, ಅದಕ್ಕೂ ಪರೀಕ್ಷೆಗೆ ಕೊಟ್ಟಿದ್ದೇನೆ, ದಿನಾ ಬಂದು ರಕ್ತಕಣ ಎಣಿಸಿಕೊಂಡು ಹೋಗಿ, ಎಂದು. ನಾವು ಕೇಳಿಸಿಕೊಂಡೆವು. ಎರಡು ದಿನ ಹೋದೆವು ಕೂಡ. ಆದರೆ ಡೆಂಗ್ಯೂ ನಮ್ಮ ಲೆಕ್ಕದಲ್ಲಿ ಬೆಂಗಳೂರಿನ ಕಾಯಿಲೆ, ಟೀವಿಯ ಕಾಯಿಲೆ. ಬೆಟ್ಟದ ಬುಡದಲ್ಲಿ ಇರುವವರ ಕಣ್ಣು ಬೆಟ್ಟದ ಮೇಲೇ ಇರುತ್ತದೆ. ಮನೆಯಲ್ಲಿ ರಾತ್ರಿಯಿಡೀ ನಾನು ಕಾಯುತ್ತಿದ್ದದ್ದು ಮಂಗನ ಕಾಯಿಲೆಯ ಫಲಿತಾಂಶಕ್ಕೆ.

ಅದು ಒಂದು ಬೆಳಿಗ್ಗೆ ಬಂತು. ಆರೋಗ್ಯ ಇಲಾಖೆಯ ಹುಡುಗಿ ಫೋನ್ ಮಾಡಿ, ಮಂಗನ ಕಾಯಿಲೆ ಅಲ್ಲ, ಇನ್ನೊಂದರದ್ದು ಇನ್ನೂ ಬಂದಿಲ್ಲ, ಅಂದಳು. ಮೊದಲ ಮಾತು ಕೇಳಿದ ಮೇಲೆ ಎರಡನೆಯದು ನನ್ನ ಕಿವಿಯೊಳಗೆ ಇಳಿಯಲಿಲ್ಲ. ಅದೇ ಬೆಳಿಗ್ಗೆ ಅಕ್ಕನಿಗೆ ಜ್ವರವೂ ಬಿಟ್ಟಿತ್ತು. ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಎರಡೂ ಒಟ್ಟಿಗೆ! ಪಕ್ಕದ ಮನೆಯವಳು ಸುದ್ದಿ ಕೇಳಿ ಸಕ್ಕರೆ ತಂದು ಅಕ್ಕನ ಬಾಯಿಗೆ ಹಾಕಿದಳು.

ಜ್ವರ ಬಿಟ್ಟರೆ ನಮ್ಮಲ್ಲಿ ತಲೆಗೆ ನೀರು ಹಾಕಿಕೊಂಡು, ದೇವರಿಗೆ ದೀಪ ಹಚ್ಚಿ, ಗಂಜಿ ಉಣ್ಣುವುದು ರೂಢಿ. ಅಲ್ಲಿಗೆ ಕಾಯಿಲೆ ಮುಗಿಯಿತು ಎಂದರ್ಥ. ಅಕ್ಕ ಅದನ್ನೆಲ್ಲ ಮಾಡಿದಳು. ಗಂಜಿ ಮಾತ್ರ ಅರ್ಧಕ್ಕೆ ಬಿಟ್ಟಳು. ಆಮೇಲೆ ಕೂರಲಿಲ್ಲ. ಮುರುಗಲು ಸಿಪ್ಪೆ ತಿರುವಿ ಹಾಕಿದಳು, ಪಾತ್ರೆ ತಿಕ್ಕಿದಳು, ತಿಕ್ಕಿದ್ದನ್ನೇ ಮತ್ತೆ ತೊಳೆದಳು, ಜಗುಲಿಗೂ ಹಿತ್ತಿಲಿಗೂ ಓಡಾಡಿದಳು. ಮೈಯಲ್ಲಿ ಶಕ್ತಿ ಬಂತು ಅಂತಲೇ ನಮಗೆಲ್ಲ ಕಂಡಿತು.

"ರಕ್ತ ಎಣಿಸ್ಲೆ ಬರವು ಹೇಳಿದ್ದ ಅಲ್ದಾ ಅಕ್ಕಾ, ಡಾಕ್ಟ್ರು?"

"ಜ್ವರ ಬಿಟ್ಟ ಮೇಲೆ ಆಸ್ಪತ್ರೆಗೆ ಹೋಪದು, ಮದುವೆ ಮುಗಿದ ಮೇಲೆ ಚಪ್ಪರ ಹಾಕ್ದಂಗೆ. ನೀ ಡ್ಯೂಟಿಗೆ ಹೋಗು. ಬಸ್ಸು ಬಿಟ್ಟೋಗ್ತು."

ಪಕ್ಕದ ಮನೆಯವಳೂ "ಹೋಗಿ ಬರ್ರಿ ಅಣ್ಣಾರ, ನಾ ಇರ್ತೀನಿ" ಅಂದಳು. ಹೋದೆ.

ನನ್ನದು ಸಿದ್ದಾಪುರದಿಂದ ಶಿರಸಿ, ಯಲ್ಲಾಪುರ, ಕಿರವತ್ತಿ ಮೇಲೆ ಹುಬ್ಬಳ್ಳಿಗೆ ಹೋಗುವ ಬಸ್ಸು. ಯಲ್ಲಾಪುರದ ನಿಲ್ದಾಣದಲ್ಲಿ ಚಹಾ ಕುಡಿಯುವಾಗ ಫೋನ್ ಬಂತು.

"ಅಣ್ಣಾರ, ಗಾಬರಿ ಆಗಬ್ಯಾಡ್ರಿ. ಅಕ್ಕಾರಿಗೆ ಹೊಟ್ಟಿ ನೋವು ಅಂತ. ಎರಡು ಸಲ ವಾಂತಿ ಆತು. ಕೈ ಕಾಲು ತಣ್ಣಗ ಆಗ್ಯಾವು. ಆಟೋದಾಗ ದವಾಖಾನಿಗೆ ಕರಕೊಂಡು ಬಂದೀನಿ. ಜ್ವರ ಇಲ್ರೀ ಮತ್ತ. ಜ್ವರ ಒಂಚೂರೂ ಇಲ್ಲ."

ನನಗೆ ಧೈರ್ಯ ಬರಲಿ ಎಂದು ಜ್ವರ ಇಲ್ಲ ಎನ್ನುವುದನ್ನೇ ಅವಳು ಮತ್ತೆ ಮತ್ತೆ ಹೇಳಿದಳು. ನನಗೆ ಧೈರ್ಯ ಬಂದದ್ದೂ ನಿಜ.

ಟಿಕೆಟ್ ಮಷಿನ್ ಇನ್ನೊಬ್ಬ ಕಂಡಕ್ಟರಿಗೆ ಒಪ್ಪಿಸಿ ತಿರುಗಿ ಬರುವ ಬಸ್ಸು ಹತ್ತಿದೆ. ಶಿರಸಿಗೆ ಮುಟ್ಟುವಷ್ಟರಲ್ಲಿ ಸಿದ್ದಾಪುರದಿಂದ ಆಂಬುಲೆನ್ಸಿನಲ್ಲಿ ಅವಳನ್ನು ಶಿರಸಿಯ ಆಸ್ಪತ್ರೆಗೆ ತಂದಿದ್ದರು. ಕೈಗೆ ಸೂಜಿ ಚುಚ್ಚಿ ಬಾಟಲಿ ಹಾಕಿದ್ದರೂ ಮಂಚದಿಂದ ಏಳಲು ನೋಡುತ್ತಿದ್ದಳು.

"ಕೂರಲೂ ಆಗ್ತಿಲ್ಲೆ ತಮಾ, ಮನಗಲೂ ಆಗ್ತಿಲ್ಲೆ. ಎಂತ ಆಗ್ತಾ ಇದ್ದು ಹೇಳಿ ತಿಳಿತಿಲ್ಲೆ. ಆ ಸೀರೆ ಒಣಗಿದ್ದನಾ ನೋಡು."

ಯಾವ ಸೀರೆ ಎಂದು ನನಗೆ ಗೊತ್ತಾಗಲಿಲ್ಲ. "ಒಣಗಿದ್ದು," ಅಂದೆ.

ಅಲ್ಲಿಯ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಇದು ಡೆಂಗ್ಯೂ, ಹಗಲು ಕಚ್ಚುವ, ಮನೆಯ ಶುದ್ಧ ನೀರಲ್ಲೇ ಮೊಟ್ಟೆಯಿಡುವ ಸೊಳ್ಳೆಯಿಂದ ಬರುವುದು. ಈ ಕಾಯಿಲೆಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಕೆಲವರಿಗೆ ಆಗ ರಕ್ತನಾಳದಿಂದ ನೀರು ಹೊರಗೆ ಜಿನುಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೊಟ್ಟೆನೋವು, ವಾಂತಿ, ತಣ್ಣನೆಯ ಕೈಕಾಲು, ಈ ಚಡಪಡಿಕೆ, ಎಲ್ಲ ಅದರ ಲಕ್ಷಣ. ಬೆಳಿಗ್ಗೆಯಿಂದ ಹೀಗೇ ಇದ್ದರಾ, ಎಂದು ಕೇಳಿದರು. ಬೆಳಿಗ್ಗೆ ಅವಳು ತಿಕ್ಕಿದ ಪಾತ್ರೆಯನ್ನೇ ತೊಳೆದದ್ದು ನೆನಪಾಯಿತು. ಹೌದು, ಅಂದೆ.

ಹುಬ್ಬಳ್ಳಿಗೆ ಕಳಿಸಿದರು. ಮುಂಡಗೋಡದ ಕಡೆ ರಸ್ತೆ ಕೆಲಸ ನಡೆದಿದೆ ಎಂದು ಆಂಬುಲೆನ್ಸ್ ಚಾಲಕ ಯಲ್ಲಾಪುರದ ಮೇಲೆ ಹೊರಟ. ನಾನು ದಿನಾ ಹೋಗುವ ದಾರಿ. ಯಾವ ತಿರುವಿನಲ್ಲಿ ಯಾರು ಕೈ ಮಾಡುತ್ತಾರೆ ಎಂಬುದೂ ಗೊತ್ತಿರುವ ದಾರಿ. ಕಿರವತ್ತಿ ದಾಟಿದ ಮೇಲೆ ಅಕ್ಕನ ಉಸಿರು ನಿಂತಿತು. ಹೊರಗೆ ಇನ್ನೂ ಬಿಸಿಲಿತ್ತು. ಢಾಬಾಗಳ ಮುಂದೆ ಲಾರಿಯವರು ಊಟಕ್ಕೆ ಕೂತಿದ್ದರು.

ಕಂಡಕ್ಟರಿನ ಕೆಲಸದಲ್ಲಿ "ಬಿಡ್ತು" ಎಂಬ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಶಿರಸಿ ಬಸ್ಸು ಬಿಡ್ತಾ? ಬಿಡ್ತು. ಬಸ್ಸು ಬಿಟ್ಟಿತು ಅಂದರೆ ಪ್ರಯಾಣ ಶುರುವಾಯಿತು ಅಂತ. ಜ್ವರ ಬಿಟ್ಟಿತು ಅಂದರೆ ಮುಗಿಯಿತು ಅಂತ ಯಾರು ಮೊದಲು ಅರ್ಥ ಮಾಡಿದರೋ. ನಮ್ಮ ಹಿರಿಯರಿಗೆ ಗೊತ್ತಿದ್ದ ಜ್ವರಗಳಿಗೆ ಅದು ಸರಿಯಿತ್ತೇನೋ. ಈ ಜ್ವರ ಅವರು ಕಂಡದ್ದಲ್ಲ.

ಆಮೇಲೆ ನನಗೆ ಕೂತಲ್ಲಿ ಕೂರಲು ಆಗದ ಹಾಗಾಯಿತು. ರಜೆಯ ದಿನ ಮನೆಯಲ್ಲಿ ನಿಲ್ಲಲಾರೆ. ಓಣಿಯ ಹಿಂದೆ ಬಿದ್ದ ತೆಂಗಿನ ಚಿಪ್ಪು, ಒಡೆದ ಬಕೆಟ್ಟು, ಐಸ್‌ಕ್ರೀಮಿನ ಬಟ್ಟಲು, ಒಂದೊಂದನ್ನೂ ಮಗುಚುತ್ತಾ ತಿರುಗಿದೆ. ಒಮ್ಮೆ ಪಕ್ಕದ ಮನೆಯ ಡ್ರಮ್ಮಿಗೂ ಕೈ ಹಾಕಿದೆ.

"ಅಣ್ಣಾರ! ನಾಳೆ ನೀರು ಬರೂ ದಿನಾ ಅಲ್ಲ. ಅದನ್ನ ಚೆಲ್ಲಿದ್ರ ಕುಡಿಯೂದು ಏನ್ರೀ, ನಿಮ್ಮ ಬಸ್ಸಿನ ಡೀಸೆಲ್ಲಾ?"

ಅವಳು ಹೇಳಿದ್ದು ಸರಿ. ಚೆಲ್ಲುವುದು ಬಿಟ್ಟು, ಹಳೆಯ ಪಂಚೆ ಹರಿದು ಡ್ರಮ್ಮುಗಳ ಬಾಯಿಗೆ ಬಿಗಿಯಾಗಿ ಕಟ್ಟಿದೆ. ಓಣಿಯಲ್ಲಿ ಕೆಲವರು ಕಟ್ಟಿಸಿಕೊಂಡರು. ಕೆಲವರು ಮಾರನೆಯ ದಿನವೇ ಬಿಚ್ಚಿದರು.

ಔಷಧಿ ಹೊಗೆ ಬಿಡಲು ಬಂದ ಆರೋಗ್ಯದವರೊಬ್ಬರನ್ನು ಕೇಳಿದೆ, ಈ ಸೊಳ್ಳೆ ನಮ್ಮಲ್ಲಿಗೆ ಹೇಗೆ ಬಂತು ಎಂದು. ಇದು ಹುಟ್ಟಿದ ಜಾಗದಿಂದ ಬಹಳ ದೂರ ಹಾರುವುದಿಲ್ಲ, ಅಂದರು. ದೂರ ಹೋಗುವುದಿದ್ದರೆ ವಾಹನದಲ್ಲಿ ಕೂತು ಹೋಗುತ್ತದೆ, ಇಲ್ಲವೇ ಹಳೆಯ ಟಯರಿನೊಳಗೆ ಮೊಟ್ಟೆಯಾಗಿ ಹೋಗುತ್ತದೆ. ಕಾಯಿಲೆಯನ್ನಾದರೆ ಜ್ವರ ಬಂದ ಮನುಷ್ಯನೇ ಹೊತ್ತು ತರುತ್ತಾನೆ. ಮನುಷ್ಯ ಬಸ್ಸಿಳಿದು ಬಂದರೆ ಸಾಕು, ಉಳಿದದ್ದು ಅವನ ಓಣಿಯ ಸೊಳ್ಳೆಯ ಕೆಲಸ.

ಅಂದಿನಿಂದ ದಾರಿಯೇ ಬೇರೆಯಾಗಿ ಕಂಡಿತು. ಕಿರವತ್ತಿಯ ಪಂಕ್ಚರ್ ಅಂಗಡಿಗಳ ಮುಂದೆ ಒಟ್ಟಿದ ಟಯರುಗಳು, ಅವುಗಳೊಳಗೆ ಮೊದಲ ಮಳೆಯ ನೀರು. ಉಮ್ಮಚಗಿ ಕಡೆ ರಸ್ತೆ ಬದಿಯ ಸಾಮಾನಿಗೆ ಹೊದಿಸಿಟ್ಟ ತಾಡಪಾಲಿನ ಮಡಿಕೆಗಳು, ಅಲ್ಲೂ ನಿಂತ ನೀರು. ಹುಬ್ಬಳ್ಳಿಯಲ್ಲಿ ಹತ್ತಿ ಕಿಟಕಿಗೆ ತಲೆಯಾನಿಸಿ ನರಳುವವರನ್ನು ಕಂಡರೆ ಟಿಕೆಟ್ ಕೊಡುವ ಮುಂಚೆ, ಜ್ವರವಾ, ಎಲ್ಲಿ ಇಳೀತ್ರಿ, ಎಂದು ಕೇಳತೊಡಗಿದೆ. ಬಸ್ಸಿನೊಳಗೆ ಸೊಳ್ಳೆ ಕಂಡರೆ ಹೊಡೆಯದೆ ಬಿಡುತ್ತಿರಲಿಲ್ಲ. ತ್ಯಾಗಲಿ ಕಡೆಯ ಒಬ್ಬ ಹಿರಿಯರು ಹಿಂದಿನ ಸೀಟಿನಿಂದ ಅಂದರು, "ಕಂಡಕ್ಟ್ರು ಚಪ್ಪಾಳೆ ತಟ್ತಾ ಇದ್ದ. ಭಜನೆ ಶುರು ಮಾಡವನಾ?" ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಅವರು ಇಳಿಯುವಾಗ ಸಣ್ಣ ದನಿಯಲ್ಲಿ, ತಮ್ಮ ಕೇರಿಯಲ್ಲೂ ಇಬ್ಬರು ಮಲಗಿದ್ದಾರೆ ಎಂದರು.

ಈ ವರ್ಷ ಮಳೆ ಹಿಡಿಯುವ ಮುಂಚೆ ಪಕ್ಕದ ಮನೆಯವಳಿಗೆ ಜ್ವರ ಬಂತು. ದಿನಾ ಹೋಗಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಜ್ವರ ಬಿಟ್ಟ ದಿನ ಅವಳು ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಒಣಗಿಸಲು ಕೂತಿದ್ದಳು.

"ಆಸ್ಪತ್ರೆಗೆ ನಡೀರಿ," ಅಂದೆ.

"ಜ್ವರ ಬಿಟ್ಟೈತಿ ಅಣ್ಣಾರ."

"ಅದಕ್ಕೇ ಹೇಳ್ತಿರೋದು."

"ನೋಡ್ರೀ, ಹೊಟ್ಟಿ ನೋವಿಲ್ಲ, ವಾಂತಿ ಇಲ್ಲ. ಎರಡು ರೊಟ್ಟಿ ತಿಂದೀನಿ. ಮೂರನೇದು ನೀವು ಬಂದ್ರಿ ಅಂತ ಬಿಟ್ಟೀನಿ."

ನಾನು ಅಲ್ಲಿಂದ ಕದಲಲಿಲ್ಲ. ಚಪ್ಪಲಿ ಹಾಕಿಕೊಂಡೇ ಮೆಟ್ಟಿಲ ಮೇಲೆ ನಿಂತೆ. ಅವಳು ನನ್ನ ಮುಖ ನೋಡಿದಳು. ಒಳಗೆ ಹೋಗಿ ಸೀರೆ ಬದಲಿಸಿ ಬಂದಳು.

ಅರ್ಧ ದಿನ ಸಾಲಿನಲ್ಲಿ ಕೂತೆವು. ರಕ್ತಕಣ ಸರಿಯಾಗಿತ್ತು. ಬರೀ ನೆಗಡಿ ಜ್ವರ, ಡೆಂಗ್ಯೂ ಅಲ್ಲವೇ ಅಲ್ಲ, ಅಂದರು. ದಾರಿಯುದ್ದಕ್ಕೂ ಬೈದಳು. "ನಿಮ್ಮ ಕಾಟಕ್ಕ ನನ್ನ ಹಪ್ಪಳದ ಬಿಸಲು ಹೋತ್ರೀ." ಮಾರನೆಯ ದಿನ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಮತ್ತೆ ಹೋಗಿ ಕೇಳಿದೆ, ಹೊಟ್ಟೆ ನೋವಿದೆಯಾ, ಕೈ ತಣ್ಣಗಿದೆಯಾ ಎಂದು. ಅವಳು ನಗಲಿಲ್ಲ, ಬೈಯಲೂ ಇಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಮುಂದೆ ಚಾಚಿ, "ಮುಟ್ಟಿ ನೋಡ್ರಿ" ಅಂದಳು. ಬೆಚ್ಚಗಿತ್ತು.

ಅವಳು ಆರಾಮಿದ್ದಾಳೆ. ಸಂಜೆ ಅವರ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ನಮ್ಮ ಮನೆಯಲ್ಲಿ ಒಲೆ ನಾನೇ ಹಚ್ಚಬೇಕು. ಅಕ್ಕ ಇಲ್ಲ.