ಹಳೇ ಪಂಚೆಗೊಂದು ಪಾತ್ರೆ

ಹೊಸ ಸೀರೆಯ ಆಸೆಗೆ ನಾನು ಅಷ್ಟಾಗಿ ಬಿದ್ದವಳಲ್ಲ. ನಾನು ಬಿದ್ದದ್ದು ಹಳೇ ಸೀರೆ ಕೊಟ್ಟರೆ ಸಿಗುವ ಸ್ಟೀಲ್ ಪಾತ್ರೆಯ ಆಸೆಗೆ. ಹೊನ್ನಾವರದ ನಮ್ಮ ಕೇರಿಯಲ್ಲಿ "ಪಾತ್ರೇ..." ಎಂಬ ಕೂಗು ಕೇಳಿದರೆ ಸಾಕು, ಒಲೆಯ ಮೇಲೆ ಸಾರು ಉಕ್ಕುತ್ತಿದ್ದರೂ ನನ್ನ ಕಾಲು ತಾನಾಗಿ ಕಪಾಟಿನ ಕಡೆ ಓಡುತ್ತದೆ. ತಲೆಯ ಮೇಲೆ ಬುಟ್ಟಿ, ಹೆಗಲಿಗೆ ಬಟ್ಟೆ ಗಂಟು ಹಾಕಿಕೊಂಡು ಬರುವ ಆ ಹೆಂಗಸು ನನ್ನ ಸೀರೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಾಳೆ, ಮೂಗು ಮುರಿಯುತ್ತಾಳೆ, ಇನ್ನೊಂದು ತನ್ನಿ ಅನ್ನುತ್ತಾಳೆ. ನಾನು ಇನ್ನೊಂದು ತರುತ್ತೇನೆ. ಕೊನೆಗೆ ಒಂದು ಡಬ್ಬಿ ಗೆದ್ದುಕೊಂಡು ಒಳಗೆ ಬರುವಾಗ ನನ್ನ ನಡಿಗೆಯೇ ಬೇರೆ. ಆ ಡಬ್ಬಿಯಲ್ಲಿ ತುಂಬಿಡಲು ಮನೆಯಲ್ಲಿ ಎಂತದೂ ಇರುವುದಿಲ್ಲ ಅನ್ನುವುದು ಬೇರೆ ಮಾತು.

ಇದನ್ನು ದಯವಿಟ್ಟು ಜಿಪುಣತನ ಅನ್ನಬೇಡಿ, ಕೈಹಿಡಿತ ಅನ್ನಿ. ಕುಮಟೆಯ ಪೇಟೆಯಲ್ಲಿ ಕಟ್ ಪೀಸ್ ಅಂಗಡಿಯ ಮುಂದೆ ನಿಂತು, ಈ ತುಂಡಿನಲ್ಲಿ ಎಂತ ಹೊಲಿಯಬಹುದು, ತೋಳಿಗೆ ಬಟ್ಟೆ ಸಾಲೀತೋ ಎಂದು ಯೋಚಿಸುವಾಗಿನ ಸುಖ ನನಗೆ ತಿರುಪತಿಯಲ್ಲೂ ಸಿಕ್ಕಿಲ್ಲ. ಭಟ್ಕಳಕ್ಕೆ ಹೋದರೆ, ಹೊರದೇಶದಿಂದ ಬಂದದ್ದು ಎಂದು ಅಂಗಡಿಯವರು ಆಣೆ ಹಾಕಿ ಹೇಳುವ ಹಳೇ ಬಟ್ಟೆಗಳ ಗುಡ್ಡೆ. ಅದರೊಳಗೆ ಮೊಣಕೈವರೆಗೆ ಕೈ ಹಾಕಿ ಬಗೆಯುವುದು ಒಂದು ವಿದ್ಯೆ. ಮನೆಗೆ ತಂದು, ಹೊಲಿಗೆ ಬಿಚ್ಚಿ, ಕತ್ತರಿಸಿ, ಮಶೀನ್ ತುಳಿದರೆ ಹೊಸ ಅಂಗಿ. ಮಗಳು ವೀಣಾ ಶಾಲೆಗೆ ಹೋಗುವ ಕಾಲದಲ್ಲಿ ಅವಳ ಫ್ರಾಕು, ನನ್ನ ಬ್ಲೌಸು, ಕಿಟಕಿಯ ಪರದೆ ಮೂರರ ಮೇಲೂ ಒಂದೇ ಹೂವು. "ಕೂಸು ಕಿಟಕಿ ಹತ್ರ ನಿಂತ್ರೆ ಹುಡುಕ್ಬೇಕಾಗಿತ್ತು" ಎಂದು ನಮ್ಮ ಮನೆಯವರು ಬಂದವರಿಗೆಲ್ಲ ಈಗಲೂ ಹೇಳುತ್ತಾರೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಬೇರೆ ಹಾಸ್ಯ ಅವರಿಗೆ ಬರುವುದಿಲ್ಲ ಎಂದು ನಾನು ತಿಳಿದಿದ್ದೆ.

ಮಶೀನಿನ ಮುಂದೆ ಕೂತು ಕೂತು ನನಗೊಂದು ಸಿದ್ಧಾಂತ ಹೊಳೆದಿದೆ. ಮನುಷ್ಯರಂತೆ ಬಟ್ಟೆಗೂ ನಾಲ್ಕು ಆಶ್ರಮ. ಪೆಟ್ಟಿಗೆಯಲ್ಲಿ ನುಸಿಗುಳಿಗೆಯ ಕಾವಲಿನಲ್ಲಿ ಯಾರ ಕೈಗೂ ಸಿಗದೆ ಇರುವುದು ಬ್ರಹ್ಮಚರ್ಯ. ಮದುವೆ ಮುಂಜಿ ತಿರುಗಿ, ಆಮೇಲೆ ಅಡುಗೆಮನೆಯ ಅರಿಸಿನ, ಎಣ್ಣೆ ಮೆತ್ತಿಕೊಳ್ಳುವುದು ಗೃಹಸ್ಥಾಶ್ರಮ. ದಿಂಬಿನ ಚೀಲವಾಗಿ ಒಂದು ಮೂಲೆ ಹಿಡಿಯುವುದು ವಾನಪ್ರಸ್ಥ. ಕಡೆಗೆ ಮಸಿಬಟ್ಟೆಯಾಗಿ, ಬಿಸಿ ಪಾತ್ರೆ ಇಳಿಸುತ್ತ, ಬೈಗುಳ ತಿನ್ನುತ್ತ, ಮಾನ ಅವಮಾನ ಎರಡನ್ನೂ ಸಮನಾಗಿ ಕಾಣುವುದು ಸಂನ್ಯಾಸ. ನನ್ನ ಪಾತ್ರೆ ವ್ಯಾಪಾರದ ದೆಸೆಯಿಂದ ನಮ್ಮ ಮನೆಯ ಎಷ್ಟೋ ಸೀರೆಗಳು ಗೃಹಸ್ಥಾಶ್ರಮದಿಂದಲೇ ನೇರವಾಗಿ ದೇಶಾಂತರ ಹೋದವು.

ಹೋಗದೆ ಉಳಿದದ್ದು ಒಂದೇ, ನಮ್ಮ ಮನೆಯವರ ಹತ್ತಿ ಪಂಚೆ. ಒಂದು ಕಾಲದಲ್ಲಿ ಅದಕ್ಕೆ ಹಸಿರು ಅಂಚಿತ್ತಂತೆ. ಈಗ ಅಂಚು ಯಾವುದು, ಬಟ್ಟೆ ಯಾವುದು ಎಂದು ದೇವರೇ ಹೇಳಬೇಕು. ಸಂಜೆ ಸ್ನಾನ ಮಾಡಿ ಅದನ್ನೇ ಉಟ್ಟು ಜಗಲಿಯಲ್ಲಿ ಕೂತರೆ ಇವರಿಗೆ ರಾಜ್ಯ ಆಳಿದ ಹಾಗೆ. ನಾನು ಕೊಡಿಸಿದ ಹೊಸ ಪಂಚೆಗಳು ಬ್ರಹ್ಮಚರ್ಯದಲ್ಲೇ ಮುದಿಯಾಗುತ್ತಿದ್ದವು. ಆ ಹಳೇದನ್ನು ಎರಡು ಸಲ ಪಾತ್ರೆ ಹೆಂಗಸಿನ ಗಂಟಿನೊಳಗೆ ತೂರಿಸಿದ್ದೆ. ಎರಡು ಸಲವೂ ಇವರು ಎಲ್ಲಿಂದಲೋ ಪ್ರತ್ಯಕ್ಷರಾಗಿ ಅದನ್ನು ಎಳೆದುಕೊಂಡು ಹೋದರು. "ಒಂದು ಒಳ್ಳೇ ಬೋಗುಣಿ ಬರ್ತಿತ್ತು" ಎಂದು ನಾನು ವಾರಗಟ್ಟಲೆ ಕೊರಗಿದ್ದೆ.

ಹೀಗಿರುವಾಗ ಶಿರಾಲಿಗೆ ಮದುವೆ ಮಾಡಿಕೊಟ್ಟ ವೀಣಾ ಹೆರಿಗೆಗೆಂದು ಮನೆಗೆ ಬಂದಳು. ಇದು ಅವಳ ಎರಡನೇ ಬಸಿರು. ಮೊದಲನೇ ಮಗು ನಮಗೆ ದಕ್ಕಲಿಲ್ಲ. ಆಗ ನಾನು ಸಂಭ್ರಮ ತಡೆಯಲಾರದೆ, ಹುಟ್ಟುವ ಮೊದಲೇ ಕಟ್ ಪೀಸ್ ತಂದು ಪುಟ್ಟ ಪುಟ್ಟ ಅಂಗಿ ಹೊಲಿದು ರಾಶಿ ಹಾಕಿದ್ದೆ. ಅಂಗಿಗೂ ಆದದ್ದಕ್ಕೂ ಸಂಬಂಧ ಇಲ್ಲ ಅಂತ ಡಾಕ್ಟರು ಹೇಳಿದರು, ನಮಗೂ ಗೊತ್ತು. ಗೊತ್ತಿದ್ದರೂ ಹೆದರಿಕೆ ಹೋಗುತ್ತದೆಯೇ? ಆ ಅಂಗಿಗಳ ಮಾತು ಇಲ್ಲಿಗೇ ಸಾಕು.

ಈ ಸಲ ವೀಣಾ ಮನೆಯೊಳಗೆ ಕಾಲಿಟ್ಟವಳು ಮೊದಲು ಮಾಡಿದ ಕೆಲಸ ಮಶೀನಿಗೆ ಮುಸುಕು ಹಾಕಿದ್ದು. "ಅಮ್ಮಾ, ಕೂಸು ಬಂದು ಸಮಾ ಉಸಿರಾಡೂವರೆಗೆ ಒಂದು ಹೊಸ ನೂಲೂ ಬೇಡ. ನಮ್ಮನೇದೇ ಹಳೇ ಹತ್ತಿ ಬಟ್ಟೆ ಇದ್ರೆ ಒಗ್ದು ಇಡು. ಅದ್ರಲ್ಲೇ ಸುತ್ಕಂಬಾ" ಅಂದಳು. ನಗುತ್ತ ಇದ್ದ ಹುಡುಗಿ. ಈಗ ಮಾತಾಡುವಾಗಲೂ ಹೊಟ್ಟೆಯ ಮೇಲಿಂದ ಕೈ ತೆಗೆಯುತ್ತಿರಲಿಲ್ಲ. ಕೇಳಿದ್ದು ಎಂತ ದೊಡ್ಡ ವಸ್ತು? ಹುಟ್ಟಿದ ಮಗುವಿಗೆ ಮನೆಯವರು ಉಟ್ಟು ಮೆತ್ತಗಾದ ಬಟ್ಟೆ ಹೊದಿಸುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು. "ಆತು ಮಗಾ, ಅದಕ್ಕೇನು ಬರಗಾಲ?" ಎಂದು ಕಪಾಟು ತೆರೆದೆ.

ಬರಗಾಲವೇ. ಕಪಾಟಿನಲ್ಲಿ ಇದ್ದದ್ದೆಲ್ಲ ಜಾರುವ, ಮಿನುಗುವ, ಬೆವರು ಹೀರದ ಸೀರೆಗಳು. ಉಟ್ಟು ಒಗೆದು ಬೆಣ್ಣೆಯಾಗಿದ್ದ ಹತ್ತಿಯವು ಎಲ್ಲಿ? ಅಡುಗೆಮನೆಯ ಅಟ್ಟದ ಮೇಲೆ ಸಾಲಾಗಿ ಹೊಳೆಯುತ್ತಿದ್ದವು, ಮುಚ್ಚಳ ಸಮೇತ. ಯಾವುದಾದರೂ ಡಬ್ಬಿಯಲ್ಲಿ ಮಗುವನ್ನು ಸುತ್ತಲು ಬರುತ್ತದೆಯೇ? ಕೈಹಿಡಿತದವಳು ಎಂದು ಬೀಗುತ್ತಿದ್ದ ನನ್ನ ಮುಖಕ್ಕೆ ಆ ಪಾತ್ರೆಗಳು ಕನ್ನಡಿ ಹಿಡಿದವು.

ಕುಮಟೆಯ ತಂಗಿಗೆ ಫೋನ್ ಮಾಡಿದೆ. "ಹತ್ತಿ ಸೀರೆ ಯಾರು ಉಡ್ತ್ರೇ ಈಗ? ಇಸ್ತ್ರಿ ಮಾಡೂರು ಯಾರು?" ಅಂದಳು. ಯಾರಿಗೂ ಹೇಳದೆ ಭಟ್ಕಳದ ಬಸ್ಸು ಹತ್ತಿದೆ. ಗುಡ್ಡೆ ಬಗೆದಾಗ ಒಂದು ಅಂಗಿ ಸಿಕ್ಕಿತು. ಹಾಲಿನ ಕೆನೆಯಷ್ಟು ಮೆತ್ತಗೆ. ಅಂಗಡಿಯಾತ "ತಕೊಳ್ಳಿ ಅಮ್ಮಾ, ಫಾರಿನ್ನು" ಅಂದ. ಇದನ್ನು ತೊಟ್ಟವರು ಯಾರೋ, ಯಾವ ದೇಶದವರೋ, ನಕ್ಕವರೋ ಅತ್ತವರೋ. ಬೇರೆ ದಿನವಾದರೆ ಹಾರಿ ಹಿಡಿಯುತ್ತಿದ್ದೆ. ಆದರೆ ವೀಣಾ ನಮ್ಮನೇದೇ ಅಂದಿದ್ದಾಳೆ. ಮಡಚಿ ಅಲ್ಲೇ ಇಟ್ಟು ಬಂದೆ. ಗುಡ್ಡೆಯಿಂದ ಬರಿಗೈಯಲ್ಲಿ ಬಂದದ್ದು ಜನ್ಮದಲ್ಲಿ ಅದೇ ಮೊದಲು.

ಸಂಜೆ ಗೇಟು ತೆರೆದಾಗ ಇವರು ಜಗಲಿಯಲ್ಲಿ ಕೂತಿದ್ದರು. ಅದೇ ಪಂಚೆ. ನಾನು ಚೀಲ ಕೆಳಗಿಟ್ಟು ಅದನ್ನೇ ನೋಡಿದೆ. ಇವರು ನನ್ನನ್ನು ನೋಡಿ, ಪಂಚೆಯ ಚುಂಗನ್ನು ಕಾಲಡಿಗೆ ಎಳೆದುಕೊಂಡರು.

"ವೀಣಾನ ಕೂಸಿಗೆ ಬೇಕಿತ್ತು" ಅಂದೆ. ಅಷ್ಟು ಹೇಳಿ ಸೆರಗಿನಿಂದ ಕಣ್ಣು ಒತ್ತಿಕೊಂಡೆ.

ಇವರು ಚುಂಗನ್ನು ಬಿಸಿಲಿನ ಕಡೆ ಎತ್ತಿ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಥೇಟು ಆ ಪಾತ್ರೆ ಹೆಂಗಸಿನ ಹಾಗೆಯೇ ಮೂಗು ಮುರಿದು ಕೇಳಿದರು: "ಎಂತ ಪಾತ್ರೆ ಕೊಡ್ತಿ?"

ಅಳು ಬರುತ್ತಿದ್ದವಳಿಗೆ ನಗು ಬಂತು. ಇಷ್ಟು ವರ್ಷ ಇದನ್ನು ಎಲ್ಲಿ ಅಡಗಿಸಿಟ್ಟಿದ್ದರು ಮಾರಾಯರು! ಒಳಗೆ ಹೋಗಿ ಹೊಸ ಪಂಚೆ ಉಟ್ಟು, ಅದರ ಗಂಜಿ ಸರಬರ ಸದ್ದು ಮಾಡುತ್ತಿರಲು ಹಳೇದನ್ನು ತಂದು ನನ್ನ ಕೈಗಿಟ್ಟರು. ನಾನು ಕುದಿಯುವ ನೀರಿನಲ್ಲಿ ಹಾಕಿ ಒಗೆದು, ಬಿಸಿಲಿಗೆ ಒಣಗಿಸಿ, ಹರಿಯಲು ಕೂತೆ. ಹೊಸ ಬಟ್ಟೆ ಹರಿದರೆ ಪರ್ರ್ ಎಂದು ಕೇರಿಗೆಲ್ಲ ಕೇಳುತ್ತದೆ. ಇದು ಸದ್ದೇ ಮಾಡಲಿಲ್ಲ. ನನ್ನ ಸಿದ್ಧಾಂತದಲ್ಲಿ ಒಂದು ಆಶ್ರಮ ಬಿಟ್ಟುಹೋಗಿತ್ತು ಎಂದು ಆಗ ತಿಳಿಯಿತು: ಎಲ್ಲ ಸವೆದು, ಚುಚ್ಚುವ ಗುಣವೆಲ್ಲ ಹೋದ ಮೇಲೆಯೇ ಬಟ್ಟೆಗೆ ಮಗುವನ್ನು ಮುಟ್ಟುವ ಯೋಗ್ಯತೆ ಬರುತ್ತದೆ. ಮನುಷ್ಯರಲ್ಲೂ ಅಜ್ಜ ಅಜ್ಜಿಯರಿಗೆ ಆ ಕೆಲಸ ಕೊಟ್ಟದ್ದು ಅದಕ್ಕೇ ಇರಬಹುದು.

ಮಗು ಗಟ್ಟಿಯಾಗಿ ಅಳುತ್ತಲೇ ಬಂತು. ಆ ಅಳು ಕೇಳಿ ನಾವು ಮೂವರೂ ಅತ್ತೆವು. ಆಸ್ಪತ್ರೆಯ ಕೋಣೆಯಲ್ಲಿ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಮೊಮ್ಮಗಳನ್ನು ಇವರ ತೊಡೆಯ ಮೇಲಿಟ್ಟು, "ತಕಳಿ, ನಿಮ್ಮ ಪಂಚೆಗೆ ಪಾತ್ರೆ" ಅಂದೆ.

ಇವರು ಬಗ್ಗಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಹೊಸ ಪಂಚೆಯ ಮೇಲೆ ಒದ್ದೆ ಹರಡಿತು. "ಪಾತ್ರೆ ಸೋರ್ತದಲ್ಲೇ!" ಅಂದರು.

"ಬದಲಾಯ್ಸಿ ಕೊಡ್ಲಾ?"

"ಬೇಡ ಬೇಡ. ಸೋರೂದೇ ಅಡ್ಡಿಲ್ಲ" ಎಂದು ಇನ್ನಷ್ಟು ಹತ್ತಿರ ಎಳೆದುಕೊಂಡರು.

ಮಂಚದ ಮೇಲೆ ವೀಣಾ ನಕ್ಕಳು. ಮನೆಗೆ ಬಂದಾಗಿನಿಂದ ನಾನು ಕಾಯುತ್ತಿದ್ದದ್ದು ಆ ನಗುವಿಗೆ. ನಕ್ಕು, ಕಣ್ಣೊರಸಿಕೊಂಡು, ಹೇಳಿದಳು: "ಇವ್ಳಿಗೆ ಒಂದು ಪಂಚೆ ಎಲ್ಲಿಗೆ ಸಾಕಾಗ್ತದೆ ಅಮ್ಮಾ? ಮನೆಗೆ ಹೋದ ಕೂಡ್ಲೇ ಮಶೀನಿನ ಮುಸುಕು ತೆಗಿ."

"ಆತು" ಅಂದೆ.