ಪುಟ್ಟಬಸವಯ್ಯನವರು ಬಚ್ಚಲುಮನೆ ಕಟ್ಟಿದ್ದು

ನಂಜನಗೂಡಿನ ನಮ್ಮ ಬೀದಿಗೆ ಬಂದು ಪುಟ್ಟಬಸವಯ್ಯನವರ ಮನೆ ಯಾವುದೆಂದು ಕೇಳಿ ನೋಡಿ. ಯಾರೂ ಮನೆ ನಂಬರು ಹೇಳುವುದಿಲ್ಲ. "ಗೇಟು ಎತ್ತಿ ತೆಗೀಬೇಕಲ್ಲ, ಆ ಮನೆ" ಎನ್ನುತ್ತಾರೆ. ಮೊದಲು ಎತ್ತಬೇಕು, ಎತ್ತಿ ಎಡಕ್ಕೆ ನೂಕಬೇಕು, ನೂಕುವಾಗ ಮೊಣಕಾಲಲ್ಲಿ ಒಂದು ಗುದ್ದು ಕೊಡಬೇಕು. ಪೋಸ್ಟ್‌ಮ್ಯಾನ್ ಒಂದು ಸಲ ಸೊಂಟ ಹಿಡಿಸಿಕೊಂಡ ಮೇಲೆ ಅವರ ಕಾಗದಗಳನ್ನೂ ನಮ್ಮ ಮನೆಗೇ ಕೊಟ್ಟು ಹೋಗತೊಡಗಿದ. ಆ ಗೇಟನ್ನು ಪುಟ್ಟಬಸವಯ್ಯನವರು ತೊಂಬತ್ತೆರಡರಲ್ಲಿ ತಮ್ಮ ಕೈಯಾರೆ ಕೂರಿಸಿದ್ದು.

ನಾನು ಪಕ್ಕದ ಮನೆಯ ಚಲುವಮ್ಮ. ಎರಡು ಮನೆಗೂ ನಡುವೆ ಒಂದೇ ಕಾಂಪೌಂಡು ಗೋಡೆ. ಆ ಮಹಾನುಭಾವರು ಹೊಡೆದ ಒಂದೊಂದು ಮೊಳೆಯ ಸದ್ದೂ ನನ್ನ ತಲೆಯೊಳಗೆ ಇಳಿದಿದೆ, ಹಾಗಾಗಿ ಈ ಕತೆ ಹೇಳುವ ಹಕ್ಕು ನನಗೆ ಬೇಕಾದಷ್ಟಿದೆ.

ಪುಟ್ಟಬಸವಯ್ಯನವರಿಗೆ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ. ಎಂಜಿನಿಯರ್ ಅಲ್ಲ, ಫಿಟ್ಟರ್ ಕೂಡ ಅಲ್ಲ. ಸ್ಟೋರಿನ ಕಿಟಕಿಯಲ್ಲಿ ಕೂತು, ಕೇಳಿದವರಿಗೆ ಸ್ಪಾನರ್ ಕೊಡುವುದು, ಸಂಜೆ ವಾಪಸು ತೆಗೆದಿಡುವುದು. ಇಷ್ಟು ವರ್ಷ ಸ್ಪಾನರ್ ಕೊಟ್ಟ ಮೇಲೆ ಸ್ಪಾನರ್ ತಿರುಗಿಸುವುದೂ ತಮಗೆ ಬಂದೇ ಬಂದಿರಬೇಕು ಎಂದು ಅವರಿಗೆ ಒಂದು ದಿನ ಅನ್ನಿಸಿತು. ಅನ್ನಿಸಿದ್ದೇ ತಡ, ಕಿವಿಯ ಮೇಲೆ ಒಂದು ಪೆನ್ಸಿಲ್ ಬಂದು ಕೂತಿತು. ಅದು ಮತ್ತೆ ಇಳಿಯಲಿಲ್ಲ.

ಮನೆಗೆ ಯಾವ ಕೆಲಸದವನನ್ನೂ ಕರೆಯಕೂಡದು ಎಂಬುದು ಅವರ ಶಪಥ. "ಇದೇನು ಬ್ರಹ್ಮವಿದ್ಯೆನಾ? ಕೈ ಅದೆ, ಕಾಲದೆ, ಸಾಮಾನದೆ. ಇನ್ನೊಬ್ಬನ್ನ ಯಾಕೆ ಕಾಯ್ಬೇಕು?" ಎನ್ನುವರು. ಬ್ರಹ್ಮವಿದ್ಯೆಯಲ್ಲದ ಈ ವಿದ್ಯೆಯಿಂದ ಅವರ ಮನೆಯಲ್ಲಿ ಏನೇನು ಆಯಿತು ಎಂದರೆ, ಕರೆಗಂಟೆ ಒತ್ತಿದರೆ ಅಡುಗೆಮನೆಯ ದೀಪ ಹತ್ತುತ್ತಿತ್ತು. ನಲ್ಲಿಯನ್ನು ನಿಲ್ಲಿಸುವ ಕಡೆಗೆ ತಿರುಗಿಸಿದರೆ ನೀರು ಬರುತ್ತಿತ್ತು. ಅಂಗಳದಲ್ಲಿ ಕೂರುವುದಕ್ಕೆಂದು ಕಟ್ಟಿದ ಸಿಮೆಂಟು ಕಟ್ಟೆ ಎಷ್ಟು ಎತ್ತರವಾಯಿತೆಂದರೆ ಹತ್ತಲು ಸ್ಟೂಲು ಬೇಕಾಯಿತು. ಬೀದಿಯವರು ನಕ್ಕರೆ ಅವರು ಅದನ್ನು ಅಸೂಯೆ ಎಂದುಕೊಳ್ಳುತ್ತಿದ್ದರು.

ನಗುವುದಕ್ಕೆ ನಮಗೇನು ಕಷ್ಟ? ಆ ಮನೆಯೊಳಗೆ ಬಾಳಬೇಕಾದವಳು ಅವರ ಹೆಂಡತಿ ರುದ್ರಮ್ಮ.

ರುದ್ರಮ್ಮನಿಗೆ ಬೇಕಾದದ್ದು ಒಂದೇ ಒಂದು. ಒಂದು ಬಚ್ಚಲುಮನೆ. ಅರಮನೆಯ ಬಚ್ಚಲಲ್ಲ, ನಾಲ್ಕು ಗೋಡೆ, ಮೇಲೊಂದು ಶೀಟು, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಬಾಗಿಲು. ಅವಳು ಈ ಮನೆಗೆ ಬಂದಾಗ ಹಿತ್ತಲಿನಲ್ಲಿ ಇದ್ದದ್ದು ಒಂದು ಹಂಡೆ ಒಲೆ, ಎರಡು ಚಪ್ಪಡಿ ಕಲ್ಲು, ಸುತ್ತ ತೆಂಗಿನ ಗರಿಯ ತಡಿಕೆ. ಅವಳು ಲಿಂಗಪೂಜೆ ಮಾಡದೆ ಅಡುಗೆ ಒಲೆ ಹಚ್ಚುವವಳಲ್ಲ, ಸ್ನಾನ ಮಾಡದೆ ಲಿಂಗ ಮುಟ್ಟುವವಳಲ್ಲ. ಗಂಡನಿಗೋ ಬೆಳಗಾಗುತ್ತಲೇ ಬುತ್ತಿ ಕಟ್ಟಬೇಕು. ಹೀಗಾಗಿ ಮಾಗಿಯ ಚಳಿಯಲ್ಲೂ ಕೋಳಿ ಕೂಗುವ ಮೊದಲು, ಮೈಮೇಲೆ ಹಳೇ ಸೀರೆ ಸುತ್ತಿಕೊಂಡೇ ಅವಳ ಸ್ನಾನ. ಗಂಡಸರಿಗೇನು, ಚಡ್ಡಿ ಹಾಕಿಕೊಂಡು ಅಂಗಳದಲ್ಲಿ ನಿಂತು ನಾಲ್ಕು ಚೊಂಬು ಸುರಿದುಕೊಂಡರೆ ಮುಗಿಯಿತು. ಆ ಮಹಾಶಯರಿಗೆ ಬಚ್ಚಲಿನ ಅವಸರ ಯಾಕಿರುತ್ತದೆ?

"ಗಾರೆ ಕೆಲಸದ ಸಿದ್ದಯ್ಯನ್ನ ಕರೀರಿ, ಒಂದು ವಾರದಲ್ಲಿ ಮುಗಿಸ್ತಾನೆ" ಎಂದು ಅವಳು ಹೇಳಿದಾಗಲೆಲ್ಲ ಅವರ ಮುಖ ಕೆಂಪಾಗುತ್ತಿತ್ತು. "ಸಿದ್ದಯ್ಯ ಕಟ್ಟೋದಾದ್ರೆ ನಾನ್ ಯಾಕಿರೋದು? ನಾನೇನು ಸತ್ತೋಗಿದೀನಾ?" ಎನ್ನುವರು.

ಕೊನೆಗೆ ತೊಂಬತ್ತೇಳರಲ್ಲಿ ಕೆಲಸ ಶುರುವಾಯಿತು. ಆ ವರ್ಷಗಳಲ್ಲಿ ನಮ್ಮ ಊರಿಗೆ ವಾಸ್ತು ಬಂದಿತ್ತು, ಮದ್ರಾಸ್ ಐ ಬಂದ ಹಾಗೆ. ಒಬ್ಬರನ್ನು ನೋಡಿ ಇನ್ನೊಬ್ಬರಿಗೆ. ಚೆನ್ನಾಗಿದ್ದ ಬಾಗಿಲು ಕಿತ್ತವರೆಷ್ಟೋ, ಒಲೆ ತಿರುಗಿಸಿದವರೆಷ್ಟೋ. ಪುಟ್ಟಬಸವಯ್ಯನವರು ಬಸ್‌ಸ್ಟ್ಯಾಂಡಿನಲ್ಲಿ ಒಂದು ತೆಳ್ಳನೆಯ ವಾಸ್ತು ಪುಸ್ತಕ ಕೊಂಡರು. ಅದರಲ್ಲಿ ಮನೆಯ ಕುಡಿಯುವ ನೀರಿನ ಸಂಪು ಈಶಾನ್ಯದಲ್ಲಿರಬೇಕು ಎಂದಿತ್ತು. ಸರಿ, ಈಶಾನ್ಯದ ಮೂಲೆಯಲ್ಲಿ ಸಂಪು ತೋಡಿದರು. ಅದೇ ಪುಸ್ತಕದ ಇನ್ನೊಂದು ಹಾಳೆಯಲ್ಲಿ ಮನೆಯ ನೀರು ಈಶಾನ್ಯಕ್ಕೆ ಹರಿದರೆ ಸಂಪತ್ತು ಎಂದಿತ್ತು. ಸರಿ, ಬಚ್ಚಲಿನ ನೀರನ್ನೂ ಈಶಾನ್ಯಕ್ಕೇ ತಿರುಗಿಸಿದರು.

ನಮ್ಮ ಬೀದಿಯ ತಗ್ಗು ಇರುವುದು ಪಡುವಲಕ್ಕೆ. ಮೋರಿ ಇರುವುದೂ ಅಲ್ಲೇ. ಚರಂಡಿ ತೋಡುವಾಗ ನಾನು ಗೋಡೆಯ ಮೇಲಿಂದ ಇಣುಕಿ, "ಬಸವಯ್ಯನೋರೆ, ಮೋರಿ ಆ ಕಡೆ ಐತೆ" ಎಂದೆ.

"ಮೋರಿ ಕಟ್ಟಿದ ಪುರಸಭೆಯೋರಿಗೆ ವಾಸ್ತು ಗೊತ್ತಾ ಚಲುವಕ್ಕ?" ಎಂದರು.

ಮಣ್ಣು ತಂದು ಸುರಿದು, ಪಡುವಲನ್ನು ಎತ್ತರಿಸಿ, ಈಶಾನ್ಯಕ್ಕೆ ಚರಂಡಿ ಎಳೆದರು. ಅದರ ಕೊನೆಗೆ, ಸಂಪಿನಿಂದ ಒಂದು ಮಾರು ದೂರದಲ್ಲಿ, ಇಂಗುಗುಂಡಿ. ಬಚ್ಚಲಿನ ಗೋಡೆ ಕುತ್ತಿಗೆ ಮಟ್ಟಕ್ಕೆ ಬಂತು. ಶೀಟು ಆಮೇಲೆ, ಬಾಗಿಲು ಆಮೇಲೆ ಎಂದರು. ಬಾಗಿಲಿನ ಜಾಗಕ್ಕೆ ಹಳೇ ಜಮಖಾನ ಇಳಿಬಿಟ್ಟುಕೊಂಡು ರುದ್ರಮ್ಮ ಸ್ನಾನ ಮಾಡಿದಳು. ಆ ದಿನ ಅವಳ ಮುಖ ನೋಡಬೇಕಿತ್ತು ನೀವು. "ಅಕ್ಕ, ಇನ್ನೇನು ಬಾಗ್ಲೊಂದೇ ಬಾಕಿ" ಎಂದು ಒದ್ದೆ ತಲೆಯಲ್ಲೇ ಗೋಡೆ ಹತ್ತಿರ ಬಂದು ಹೇಳಿದಳು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಸ್ವಲ್ಪ ದಿನ ಕಳೆದು ಅವರ ಮನೆಗೆ ಹೋಗಿದ್ದೆ. ಕಾಫಿ ಬಂತು. ಮೇಲೆ ಒಳ್ಳೇ ನೊರೆ.

"ನಮ್ಮ ಸಂಪಿನ ನೀರಿನ ಗುಣ ಅದು" ಎಂದು ಪುಟ್ಟಬಸವಯ್ಯನವರು ಮೀಸೆ ತೀಡಿದರು. "ವಾಸ್ತು ನೀರು. ಬೇಳೆ ಬೇಯಿಸಿದ್ರೂ ಇಂಗೇ ಉಕ್ಕುತ್ತದೆ."

ಬಾಯಿಗಿಟ್ಟೆ. ಅಯ್ಯೋ ಶಿವನೇ! ಸೀಗೆಕಾಯಿ, ಅದರ ಹಿಂದೆಯೇ ಸೋಪು. ನುಂಗಲೂ ಆಗದೆ ಉಗುಳಲೂ ಆಗದೆ ಅಂಗಳಕ್ಕೆ ಓಡಿದೆ. ಹಿಂದೆಯೇ ಬಂದ ರುದ್ರಮ್ಮ ಸಂಪಿನ ಮುಚ್ಚಳ ತೆಗೆದಳು. ನೀರಿನ ಮೇಲೆ ತೆಳ್ಳಗೆ ಜಿಡ್ಡು ತೇಲುತ್ತಿತ್ತು. ಅವಳು ಇಂಗುಗುಂಡಿ ನೋಡಿದಳು, ಬಚ್ಚಲು ನೋಡಿದಳು, ಆಮೇಲೆ ದೇವರಮನೆಯ ಕಡೆ ತಿರುಗಿದಳು.

"ಅಕ್ಕ, ಲಿಂಗಕ್ಕೆ ಆಕ್ತಿದ್ದುದೂ ಇದೇ ನೀರಲ್ವಾ?" ಎಂದಳು.

ಗಂಡ ಏನೆಂದರು ಗೊತ್ತೇ? "ಗಂಗೆಗೆ ಯಾವ ಮೈಲಿಗೆ ಕಣೇ? ಲೆಕ್ಕ ಎಲ್ಲ ಸರಿಯಾಗೇ ಅದೆ. ಈ ಸೈಟೇ ಡೊಂಕು."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಾದೆ ಮಾಡಿದವರು ನಮ್ಮ ಬೀದಿಯನ್ನು ನೋಡಿಯೇ ಮಾಡಿರಬೇಕು.

ಅಂದಿನಿಂದ ರುದ್ರಮ್ಮ ಮತ್ತೆ ತಡಿಕೆಯ ಹಿಂದೆ ಹೋದಳು. ಚರಂಡಿಯನ್ನು ಪಡುವಲಕ್ಕೆ ತಿರುಗಿಸುವುದು ಒಂದು ದಿನದ ಕೆಲಸ. ಆದರೆ ಹಾಗೆ ಮಾಡಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದಲ್ಲ! ಬದಲಿಗೆ ಸಂಪಿಗೆ ಇನ್ನೊಂದು ಕೋಟ್ ಸಿಮೆಂಟು ಬಳಿದು, "ಬಚ್ಚಲು ವಿಚಾರ ಯೋಚ್ನೆ ಮಾಡ್ತಿದೀನಿ" ಎಂದರು. ಯೋಚನೆ ವರ್ಷಗಟ್ಟಲೆ ನಡೆಯಿತು. ಅಷ್ಟರಲ್ಲಿ ಆ ಅರೆಬರೆ ಗೋಡೆಯೊಳಗೆ ಅವರ ಸಾಮಾನು ತುಂಬಿತು. ಮುರಿದ ಮೋಟಾರು, ತುಕ್ಕು ಹಿಡಿದ ಪೈಪು, ಸೈಕಲ್ ಫ್ರೇಮು, ಎಲ್ಲಿಂದಲೋ ತಂದ ಆ್ಯಂಗಲ್ ಕಬ್ಬಿಣ. ನಡುವೆ ಅವರ ಪ್ರಾಣವೇ ಆಗಿದ್ದ ಹಸಿರು ಟ್ರಂಕು, ಅದರ ತುಂಬ ಸ್ಪಾನರು, ಸುತ್ತಿಗೆ, ಡ್ರಿಲ್ಲು. ಹೆಂಡತಿಗೆ ಇಲ್ಲದ ಕೋಣೆ ಟ್ರಂಕಿಗೆ ಸಿಕ್ಕಿತು.

ಆಮೇಲೆ ಹಿಂದುಗಡೆ ಸೈಟಿನವರು ಮಹಡಿ ಎಬ್ಬಿಸಿ ಕಾರ್ಖಾನೆ ಹುಡುಗರಿಗೆ ಬಾಡಿಗೆಗೆ ಕೊಟ್ಟರು. ಪಾಳಿ ಮುಗಿಸಿ ಬಂದವರು, ಪಾಳಿಗೆ ಹೊರಟವರು ಎಲ್ಲ ಹೊತ್ತಿನಲ್ಲೂ ಬ್ರಷ್ ಬಾಯಲ್ಲಿಟ್ಟುಕೊಂಡು ಅಲ್ಲಿ ನಿಲ್ಲುವರು. ತಡಿಕೆಗೆ ಸುತ್ತ ಮರೆಯಿದೆ, ಮೇಲಿಲ್ಲ. ಒಂದು ಬೆಳಿಗ್ಗೆ ಮೇಲಿಂದ ಯಾರೋ ನಕ್ಕ ಸದ್ದು ನನ್ನ ಅಡುಗೆಮನೆಗೂ ಕೇಳಿಸಿತು. ನಾನು ಹೊರಗೆ ಬಂದು ಆ ಹುಡುಗರ ಜನ್ಮ ಜಾಲಾಡಿದೆ. ರುದ್ರಮ್ಮ ಮಾತ್ರ ತಡಿಕೆಯೊಳಗೆ ಕುಕ್ಕರುಗಾಲಲ್ಲಿ ಕೂತವಳು, ನಾನು ಸೀರೆ ಒಯ್ದು ಹೊದಿಸುವವರೆಗೂ ಏಳಲಿಲ್ಲ. ಅವತ್ತಿನಿಂದ ಅವಳ ಸ್ನಾನ ನಮ್ಮ ಬಚ್ಚಲಿನಲ್ಲಿ.

ಗಂಡನಿಗೆ ಹೇಳಿದರೆ, "ಮೇಲ್ಗಡೆಗೆ ಒಂದು ಫೋಲ್ಡಿಂಗ್ ಪರದೆ ಡಿಸೈನ್ ಮಾಡ್ತೀನಿ" ಎಂದು ಕಿವಿಯ ಪೆನ್ಸಿಲ್ ತೆಗೆದರು.

ಎರಡು ಸಾವಿರದ ಮೂರರಲ್ಲಿ ಅವರ ಮಗಳು ನಂದಿತಾ ದೊಡ್ಡವಳಾದಳು. ಮಗುವಿಗೆ ನೀರು ಹಾಕುವ ಶಾಸ್ತ್ರಕ್ಕೆ ನೆಂಟರಿಷ್ಟರು ಬಂದರು. ನೀರು ಹಾಕಿದ್ದು ಎಲ್ಲಿ? ನಮ್ಮ ಮನೆಯಲ್ಲಿ. ಸ್ವಂತ ಮನೆಯಿದ್ದೂ ಮಗಳ ತಲೆಗೆ ಎಣ್ಣೆ ಒತ್ತಿ ಪಕ್ಕದ ಮನೆಗೆ ಕರೆತರುವಾಗ ರುದ್ರಮ್ಮ ತಲೆ ಎತ್ತಲಿಲ್ಲ. ತಂದೆಯವರು ಆಗ ಎಲ್ಲಿದ್ದರು? ಮುಂದಿನ ಅಂಗಳದಲ್ಲಿ, ಬಂದವರು ನೋಡಲಿ ಎಂದು ಕಾರಂಜಿ ಕೂರಿಸುತ್ತಿದ್ದರು. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ! ಸ್ವಿಚ್ಚು ಹಾಕಿದಾಗ ಕಾರಂಜಿ ಮೇಲಕ್ಕೆ ಚಿಮ್ಮದೆ ಅಡ್ಡಡ್ಡ ಚಿಮ್ಮಿ, ಆರತಿ ತಟ್ಟೆ ಹಿಡಿದಿದ್ದವರ ರೇಷ್ಮೆ ಸೀರೆಯನ್ನೆಲ್ಲ ತೋಯಿಸಿತು.

ಅಂದು ಎಲ್ಲರೂ ಹೋದ ಮೇಲೆ ರುದ್ರಮ್ಮ ನನ್ನ ಜಗಲಿಯಲ್ಲಿ ಕೂತು ಅತ್ತಳು. "ನಂದೇನೋ ಎಂಗೋ ಕಳೀತು ಅಕ್ಕ. ಈ ಮಗೀನೂ ಜೀವಮಾನೆಲ್ಲ ಪಕ್ಕದ ಮನೇಲೇ ಸ್ನಾನ ಮಾಡ್ಬೇಕಾ?" ಎಂದಳು.

ತಿಂಗಳೊಳಗೆ ಟಿ. ನರಸೀಪುರದಿಂದ ಪುಟ್ಟಬಸವಯ್ಯನವರ ತಂಗಿ ಕೋಮಲಳ ಫೋನು ಬಂತು. ಅವಳ ಮನೆಯಲ್ಲಿ ಗಾರೆಯವರು ಹೊಸ ಬಚ್ಚಲುಮನೆ ಕಟ್ಟುತ್ತಿದ್ದರಂತೆ. ಅಣ್ಣ ಹತ್ತು ದಿನ ರಜ ಹಾಕಿ ಮೇಲ್ವಿಚಾರಣೆಗೆ ಹೊರಟೇಬಿಟ್ಟರು. ಮೇಲ್ವಿಚಾರಣೆಗೆ ಆಯುಧ ಯಾಕೆ, ಕಿವಿಯ ಪೆನ್ಸಿಲ್ ಸಾಕು. ಟ್ರಂಕು ಮನೆಯಲ್ಲೇ ಉಳಿಯಿತು. ಗೇಟು ಎತ್ತುತ್ತಾ ಹೆಂಡತಿಗೆ ಹೇಳಿದ್ದು ನನ್ನ ಈ ಕಿವಿಯಿಂದ ಕೇಳಿದೆ:

"ಪಾಪ, ಎಣ್ಣುಮಗಳು ಕಣೇ. ಬಚ್ಚಲುಮನೆ ಇಲ್ದೆ ಎಷ್ಟು ಕಷ್ಟ ಪಡ್ತಾವ್ಳೆ! ನಾನು ಓಗ್ದಿದ್ರೆ ಆಯ್ತದಾ?"

ಊರಿಗೆ ಉಪಕಾರಿ, ಮನೆಗೆ ಮಾರಿ. ಅವರು ಬೀದಿ ತಿರುಗುವವರೆಗೂ ರುದ್ರಮ್ಮ ನೋಡುತ್ತ ನಿಂತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕ, ಗುಜರಿಯವನು ಯಾವತ್ತು ಬತ್ತಾನೆ?" ಎಂದು ಕೇಳಿದಳು.

ಮರುದಿನವೇ ಬಂದ. ಒಂದು ಗಾಡಿ ಸಾಲದೆ ಎರಡನೇ ಸಲ ಬಂದ. ಮೋಟಾರು, ಪೈಪು, ಫ್ರೇಮು, ಆ್ಯಂಗಲ್ಲು, ಅಡ್ಡ ಚಿಮ್ಮುವ ಕಾರಂಜಿ, ಕೊನೆಗೆ ಹಸಿರು ಟ್ರಂಕು ಎಲ್ಲವೂ ತಕ್ಕಡಿ ಹತ್ತಿದವು. ಟ್ರಂಕು ಎತ್ತುವಾಗ ಗುಜರಿಯವನೇ ಹಿಂಜರಿದು, "ಸಾಮಾನು ಚೆಂದಾಗವೆ ಕಣವ್ವ, ಅಯ್ಯನೋರ್ನ ಒಂದ್ ಮಾತು ಕೇಳಿದ್ರೆ..." ಎಂದ. "ಎತ್ಕೋ" ಎಂದಳು ರುದ್ರಮ್ಮ. ಅವಳ ಬಾಯಲ್ಲಿ ಇಷ್ಟು ಚಿಕ್ಕ ಮಾತು, ಇಷ್ಟು ಗಟ್ಟಿಯಾಗಿ, ನಾನು ಯಾವತ್ತೂ ಕೇಳಿರಲಿಲ್ಲ.

ಖಾಲಿಯಾದ ಜಾಗಕ್ಕೆ ಗುಜರಿ ದುಡ್ಡಿನಲ್ಲೇ ಸಿದ್ದಯ್ಯ ಬಂದ. ಅವನೇನು ಪವಾಡ ಮಾಡಲಿಲ್ಲ. ಎಲ್ಲರ ಮನೆಯಲ್ಲಿ ಮಾಡುವುದನ್ನೇ ಮಾಡಿದ. ಗೋಡೆ ಏರಿಸಿದ, ಶೀಟು ಹೊದಿಸಿದ, ಚರಂಡಿಯನ್ನು ಮೋರಿಗೆ ಬಿಟ್ಟ, ಹಂಡೆ ಒಲೆಯನ್ನು ಗೋಡೆಗೆ ಕೂರಿಸಿದ. ಸಂಪನ್ನೂ ರುದ್ರಮ್ಮ ಖಾಲಿ ಮಾಡಿಸಿ ತೊಳೆಸಿದಳು. ಕೊನೆಗೆ ದಪ್ಪ ಹಲಗೆಯ ಬಾಗಿಲು ಬಂತು. ಒಳಗಡೆ ಚಿಲಕ. ಮೊದಲ ಸ್ನಾನ ನಂದಿತಾಳದು. ಹುಡುಗಿ ಒಳಗೆ ಹೋಗಿ ಚಿಲಕ ಹಾಕಿಕೊಂಡು ಎಷ್ಟು ಹೊತ್ತಾದರೂ ಬರಲಿಲ್ಲ, ಹಾಡು ಬೇರೆ. ಹೊರಗೆ ನಾವಿಬ್ಬರೂ ಮೂರ್ಖರ ಹಾಗೆ ಕಣ್ಣೊರೆಸಿಕೊಂಡು ನಗುತ್ತಿದ್ದೆವು.

ಪುಟ್ಟಬಸವಯ್ಯನವರು ರಜ ಮುಗಿಯುವ ಮೊದಲೇ ವಾಪಸಾದರು. "ನೀವು ಊಟ ಮಾಡ್ಕಂಡು ಆರಾಮಾಗಿರಿ ಭಾವ" ಎಂದು ತಂಗಿಯ ಗಂಡ ಪದೇ ಪದೇ ಹೇಳಿದರಂತೆ. ಕೊನೆಗೆ ಬಸ್ಸಿನವರೆಗೂ ಬಂದು ಹತ್ತಿಸಿದರಂತೆ. ನಡು ಮಧ್ಯಾಹ್ನ. ಗೇಟು ಎತ್ತಿದ ಸದ್ದು ಕೇಳಿ ನಾನು ಗೋಡೆ ಹತ್ತಿರ ಓಡಿದೆ. ಇದನ್ನು ತಪ್ಪಿಸಿಕೊಳ್ಳುವ ಹೆಂಗಸು ನಾನಲ್ಲ.

ಅವರು ಹಿತ್ತಲಿಗೆ ಬಂದು ನಿಂತರು. ಹೊಸ ಗೋಡೆ, ಹೊಸ ಶೀಟು, ಮುಚ್ಚಿದ ಬಾಗಿಲು. ಒಳಗೆ ನೀರು ಸುರಿದುಕೊಳ್ಳುವ ಸದ್ದು. ರುದ್ರಮ್ಮ ಹಾಡಹಗಲಿನಲ್ಲಿ ಸ್ನಾನ ಮಾಡುತ್ತಿದ್ದಳು.

"ಯಾರೇ ಕಟ್ಟಿದ್ದು ಇದು?" ಎಂದು ಬಾಗಿಲು ತಟ್ಟಿದರು.

"ಸಿದ್ದಯ್ಯ. ಇದೇನು ಬ್ರಹ್ಮವಿದ್ಯೆನಾ?" ಎಂದಿತು ಒಳಗಿನ ದನಿ.

ಅವರು ಬಾಗಿಲನ್ನು ಮೇಲಿಂದ ಕೆಳಗೆ ನೋಡಿದರು. ಬಗ್ಗಿ ಚರಂಡಿ ನೋಡಿದರು. "ನೀರು ಪಡುವಲಕ್ಕೆ ಬಿಟ್ಟವ್ನೆ ಮುಟ್ಠಾಳ! ಬಾಗ್ಲೂ ಉಲ್ಟಾ ಕೂರ್ಸವ್ನೆ. ಈಗ್ಲೇ ಬಿಚ್ತೀನಿ. ಲೇ, ನನ್ನ ಟ್ರಂಕ್ ಎಲ್ಲೇ?"

ನೀರಿನ ಸದ್ದು ನಿಂತಿತು.

"ನೀವು ತಟ್ತಾ ಇದೀರಲ್ಲ, ಅದೇ ಕಣ್ರೀ" ಎಂದಳು ರುದ್ರಮ್ಮ.

ಪುಟ್ಟಬಸವಯ್ಯನವರ ಕೈ ಬಾಗಿಲ ಮೇಲೆಯೇ ಉಳಿಯಿತು. ಒಳಗೆ ಅವಳು ಇನ್ನೊಂದು ಚೊಂಬು ನೀರು ನಿಧಾನವಾಗಿ ಸುರಿದುಕೊಂಡಳು.